ಕೊಳ್ಳುವವರ ಪ್ರಶ್ನೆಗೆ ಒಂದು ಪುಟ

ಚಿತ್ರದುರ್ಗ ಬಿಟ್ಟು ದಾವಣಗೆರೆ ದಾರಿ ಹಿಡಿದರೆ ನಡುವೆ ಸಿಗುವ ದೊಡ್ಡ ಊರು ಭರಮಸಾಗರ. ದುರ್ಗದ ಪಾಳೆಯಗಾರ ಭರಮಣ್ಣನಾಯಕನ ಹೆಸರಿನ ಕೆರೆ, ಕೆರೆಯ ಹೆಸರನ್ನೇ ಇಟ್ಟುಕೊಂಡ ಊರು, ಊರಿನ ಮಗ್ಗುಲಲ್ಲೇ ಬೆಂಗಳೂರು–ಪುಣೆ ಹೆದ್ದಾರಿ. ರಸ್ತೆ ಕಿರಿದಾಗಿದ್ದ ಕಾಲದಲ್ಲಿ ಚಹಾ ಕುಡಿಯಲು ಬಸ್ಸಿನಿಂದ ಇಳಿದವರು ಎರಡು ಸೇರು ಶೇಂಗಾ ಕಟ್ಟಿಸಿಕೊಂಡು ಹತ್ತುತ್ತಿದ್ದರು. ರಸ್ತೆ ಅಗಲವಾಯಿತು, ವೇಗ ಹೆಚ್ಚಿತು, ನಿಲ್ಲುವವರು ಕಡಿಮೆಯಾದರು. ಆದರೆ ಕೊಳ್ಳುವ ಮನಸ್ಸು ಎಲ್ಲಿಯೂ ಹೋಗಿಲ್ಲ. ಅದೇ ಗಿರಾಕಿ ಈಗ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಹುಡುಕುತ್ತಾರೆ. ಹುಡುಕಿದಾಗ ನಮ್ಮ ಸೀಮೆಯ ಸರಕು ಅವರ ಕಣ್ಣಿಗೆ ಬೀಳುತ್ತದೆಯೇ? ಬಿದ್ದರೆ, ಕೊಳ್ಳುವ ಧೈರ್ಯ ಬರುವಷ್ಟು ವಿವರ ಅಲ್ಲಿ ಇದೆಯೇ? ಇವತ್ತು ನಾನು ಮಾತಾಡಲು ಹೊರಟಿರುವುದು ಈ ವಿವರದ ಬಗ್ಗೆ. ಅಂದರೆ ಜಾಲತಾಣದಲ್ಲಿ ವ್ಯಾಪಾರ ಮಾಡುವವರು ಏನು ಬರೆಯಬೇಕು, ಬರೆದದ್ದನ್ನು ಹೇಗೆ ಜೋಡಿಸಬೇಕು ಎಂಬುದರ ಬಗ್ಗೆ.

ಜಾಲತಾಣ ಮಾಡಿಸಬೇಕು ಎಂದು ಹೊರಟವರು ಮೊದಲು ಕೇಳುವುದು ಖರ್ಚೆಷ್ಟು, ಯಾವ ಬಣ್ಣ ಚೆನ್ನ, ಮೇಲ್ಗಡೆ ಚಿತ್ರಗಳು ಓಡುತ್ತವೆಯೇ ಎಂದು. ಏನು ಬರೆಯೋಣ ಎಂದು ಕೇಳುವವರು ತೀರಾ ಅಪರೂಪ. ಎಲ್ಲ ಮುಗಿದ ಮೇಲೆ, ಖಾಲಿ ಉಳಿದ ಜಾಗಕ್ಕೆ, ತಾಣ ಮಾಡಿಕೊಡುವ ಹುಡುಗನೇ ಎಲ್ಲಿಂದಲೋ ನಾಲ್ಕು ಸಾಲು ತಂದು ತುಂಬುತ್ತಾನೆ. ‘ಗುಣಮಟ್ಟವೇ ನಮ್ಮ ಧ್ಯೇಯ’, ‘ಗ್ರಾಹಕರ ತೃಪ್ತಿಯೇ ನಮ್ಮ ಗುರಿ’. ಈ ಸಾಲುಗಳು ಚಟ್ನಿಪುಡಿ ಮಾರುವವರಿಗೂ ಹೊಂದುತ್ತವೆ, ಬೋರ್‌ವೆಲ್ ಕೊರೆಯುವವರಿಗೂ ಹೊಂದುತ್ತವೆ. ಓದಿದವರಿಗೆ ಚಟ್ನಿಪುಡಿಯ ಬಗ್ಗೆ ಒಂದಕ್ಷರವೂ ತಿಳಿಯುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಭರಮಸಾಗರದ ಹತ್ತಿರದ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದವರು ಶೇಂಗಾ ಚಟ್ನಿಪುಡಿ, ಜೋಳದ ಕಟಕು ರೊಟ್ಟಿ, ಸಾವೆ ಅಕ್ಕಿ ಮಾರುತ್ತಾರೆ ಎಂದುಕೊಳ್ಳಿ. ಬೆಂಗಳೂರಿನಿಂದ ಯಾರೋ ಫೋನು ಮಾಡುತ್ತಾರೆ.

‘ಅಕ್ಕಾ, ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕಿದೀರಾ? ನಮ್ಮತ್ತೆ ತಿನ್ನಲ್ಲ.’

‘ಹಾಕಿದೀವಿ ಕಣಮ್ಮಾ. ಹಾಕ್ದೇ ಇರೋದು ಬೇಕು ಅಂದ್ರೆ ಬೇರೆ ಕುಟ್ಟಿ ಕೊಡ್ತೀವಿ, ಎರಡು ದಿನ ಮುಂಚೆ ಹೇಳ್ಬೇಕು.’

‘ಖಾರ ಹೆಂಗಿರುತ್ತೆ? ಮಕ್ಕಳು ತಿಂತಾರಾ?’

‘ಬ್ಯಾಡಗಿ ಮೆಣಸಿನಕಾಯಿ ಹಾಕೋದು. ಬಣ್ಣ ಜಾಸ್ತಿ, ಖಾರ ಕಮ್ಮಿ. ಮೊಸರನ್ನದ ಜೊತೆ ಮಕ್ಕಳು ತಿಂತಾವೆ.’

‘ಎಷ್ಟು ದಿನ ಇಡಬಹುದು?’

‘ಒದ್ದೆ ಚಮಚ ಹಾಕ್ದಿದ್ರೆ ಒಂದು ತಿಂಗಳು ಏನೂ ಆಗಲ್ಲ.’

ಈ ಫೋನಿನ ಮಾತುಕತೆಯೇ ಜಾಲತಾಣದ ಪುಟ. ಇದಕ್ಕಿಂತ ಒಳ್ಳೆಯ ಬರಹವನ್ನು ಯಾವ ಜಾಹೀರಾತು ಕಂಪನಿಯೂ ಬರೆದುಕೊಡಲಾರದು. ಕೇಳಿದವರಿಗೆ ಬೇಕಾದದ್ದು ಇದೆ, ಹೇಳಿದವರ ಕೈಯ ತಿಳಿವಳಿಕೆ ಇದೆ, ಒಂದು ಮಾತೂ ಹೆಚ್ಚಿಲ್ಲ. ಆದರೆ ಫೋನು ಇಟ್ಟ ಕೂಡಲೇ ಆ ಮಾತು ಗಾಳಿಗೆ ಹೋಗುತ್ತದೆ. ಮಾರನೆಯ ದಿನ ಇನ್ನೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ. ಹತ್ತು ಜನ ಫೋನು ಮಾಡಿ ಕೇಳಿದರೆ, ಕೇಳುವ ಸಂಕೋಚಕ್ಕೆ ಸುಮ್ಮನೆ ಬೇರೆ ಕಡೆ ಹೋದವರು ಇನ್ನೆಷ್ಟೋ.

ಆದ್ದರಿಂದ ನನ್ನ ಮೊದಲ ಮಾತು ಇಷ್ಟೇ. ಜಾಲತಾಣ ಮಾಡಿಸುವ ಮೊದಲು ಒಂದು ನೋಟ್‌ಬುಕ್ಕು ಕೊಳ್ಳಿ. ಫೋನಿನ ಪಕ್ಕದಲ್ಲಿ ಇಡಿ. ಯಾರು ಏನು ಕೇಳಿದರು, ನೀವು ಏನು ಹೇಳಿದಿರಿ ಎಂಬುದನ್ನು ಆಡಿದ ಮಾತಿನಲ್ಲೇ ಬರೆಯಿರಿ. ಶ್ರಾವಣದಿಂದ ದೀಪಾವಳಿವರೆಗೆ ಬರೆದರೆ ಸಾಕು, ನಿಮ್ಮ ತಾಣಕ್ಕೆ ಬೇಕಾದ ಮುಕ್ಕಾಲು ಪಾಲು ಬರಹ ಆ ಪುಸ್ತಕದಲ್ಲಿ ಸಿಗುತ್ತದೆ. ಉಳಿದ ಕಾಲು ಪಾಲು ಕಾನೂನು ಕೇಳುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಚಳ್ಳಕೆರೆ ಕಡೆಯ ಕಂಬಳಿಯ ವಿಷಯವನ್ನೇ ತೆಗೆದುಕೊಳ್ಳಿ. ಕುರಿಯ ಉಣ್ಣೆ ಕತ್ತರಿಸಿ, ನೂತು, ಹಾಸುನೂಲಿಗೆ ಹುಣಸೆಬೀಜದ ಸರಿ ಬಳಿದು, ಕೈಮಗ್ಗದಲ್ಲಿ ನೇಯ್ದ ಕರಿ ಕಂಬಳಿ. ದೂರದೂರಿನವರು ಅದನ್ನು ನೋಡಿರುವುದಿಲ್ಲ, ಮುಟ್ಟಿರುವುದಿಲ್ಲ. ಅವರ ಪ್ರಶ್ನೆಗಳು ಬಹಳ ಸರಳ: ಮೈಗೆ ಚುಚ್ಚುತ್ತದೆಯೇ? ವಾಸನೆ ಬರುತ್ತದೆಯೇ? ವಾಷಿಂಗ್ ಮೆಷಿನ್ನಿಗೆ ಹಾಕಬಹುದೇ? ಎಷ್ಟು ಅಡಿ ಉದ್ದ? ಎಷ್ಟು ತೂಕ? ಇದಕ್ಕೆ ಉತ್ತರವಾಗಿ ‘ಪಾರಂಪರಿಕ ಸೊಬಗಿನ ಬೆಚ್ಚನೆಯ ಅನುಭೂತಿ’ ಎಂದು ಬರೆದರೆ ಯಾರಿಗೆ ಏನು ತಿಳಿಯಿತು? ಹೊಸದರಲ್ಲಿ ಚುಚ್ಚುತ್ತದೆ, ಬಳಸುತ್ತ ಬಳಸುತ್ತ ಮೆತ್ತಗಾಗುತ್ತದೆ, ಬರಿಮೈಗೆ ಹೊದೆಯುವ ಬದಲು ಒಂದು ಪಂಚೆಯ ಮೇಲೆ ಹೊದ್ದುಕೊಳ್ಳಿ ಎಂದು ನೇಯ್ದವರು ಎದುರಿಗೆ ಬಂದವರಿಗೆ ಹೇಳುತ್ತಾರಲ್ಲ, ಅದನ್ನೇ ಬರೆಯಿರಿ. ಚುಚ್ಚುತ್ತದೆ ಎಂದು ಬರೆದರೆ ವ್ಯಾಪಾರ ಕೆಡುತ್ತದೆ ಎಂಬ ಭಯ ಬೇಡ. ಗೊತ್ತಿದ್ದು ಕೊಂಡವರು ವಾಪಸು ಕಳಿಸುವುದಿಲ್ಲ. ಅಂಚೆಯಲ್ಲಿ ಹೋಗಿ ಅಂಚೆಯಲ್ಲೇ ಮರಳಿ ಬಂದ ಕಂಬಳಿಯ ಖರ್ಚು ನೇಕಾರರ ತಲೆಯ ಮೇಲೆಯೇ ಬೀಳುವುದು.

ಈಗ ಜೋಡಣೆಯ ಮಾತು. ಇದು ನನಗೆ ಬರಹಕ್ಕಿಂತಲೂ ಮುಖ್ಯವೆನ್ನಿಸುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಭರಮಸಾಗರದ ಪಕ್ಕದಲ್ಲೇ ಸಿರಿಗೆರೆ ಇದೆ. ಅಲ್ಲಿನ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಸಂಸ್ಕೃತ ವಿದ್ವಾಂಸರು. ಪಾಣಿನಿಯ ವ್ಯಾಕರಣ ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ರೂಪಿಸಿದವರು. ಶಿವಶರಣರ ವಚನಗಳನ್ನು ಅಂತರ್ಜಾಲದಲ್ಲಿ ಹುಡುಕಿ ಓದುವ ಹಾಗೆ ಮಾಡಿದ್ದೂ ಅದೇ ಮಠ. ನಮ್ಮ ಮಗ್ಗುಲ ಊರಿನಲ್ಲೇ ಇಂಥ ಕೆಲಸ ಆಗಿದೆ. ವ್ಯಾಪಾರಕ್ಕೂ ವಚನಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಜೋಡಣೆಯದು.

ವಚನಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಹದಿನೈದನೆಯ ಶತಮಾನದ ಹೊತ್ತಿಗೆ ಅವನ್ನು ಸಂಕಲಿಸಿದವರು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳ ಮೆಟ್ಟಿಲಲ್ಲಿ ಜೋಡಿಸಿದರು. ಸಾಧನೆಯ ದಾರಿಯಲ್ಲಿ ನಡೆಯುವವನು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಂಡು ಓದಲಿ ಎಂಬುದು ಅವರ ಲೆಕ್ಕ. ಶೂನ್ಯಸಂಪಾದನೆ ಎಂಬ ಗ್ರಂಥ ರಚಿಸಿದವರು ಅವೇ ವಚನಗಳನ್ನು ಅಲ್ಲಮಪ್ರಭುವಿನ ಸುತ್ತ ನಡೆಯುವ ಸಂವಾದವಾಗಿ ಹೆಣೆದರು. ನಮ್ಮ ಕಾಲದಲ್ಲಿ ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ ಸರ್ಕಾರ ಹೊರತಂದ ಹದಿನೈದು ಸಂಪುಟಗಳಲ್ಲಿ ವಚನಗಳು ಬರೆದವರ ಹೆಸರಿನಡಿ ಸೇರಿದವು. ಸಂಶೋಧನೆ ಮಾಡುವವರಿಗೆ ಬೇಕಾದ್ದು ಅದು. ಅಂತರ್ಜಾಲಕ್ಕೆ ಬಂದ ಮೇಲೆ ಒಂದು ಪದ ಕೊಟ್ಟರೆ ಆ ಪದ ಎಲ್ಲೆಲ್ಲಿದೆ ಎಂದು ತೋರಿಸುವ ದಾರಿಯೂ ತೆರೆಯಿತು. ಭಾಷಣಕ್ಕೆ ತಯಾರಾಗುವ ಶಾಲಾ ಹುಡುಗಿಗೆ ‘ಕಾಯಕ’ ಎಂಬ ಮಾತು ಬರುವ ವಚನ ಬೇಕು. ಅವಳು ಸ್ಥಲ ಹುಡುಕುತ್ತ ಕೂರುವುದಿಲ್ಲ. ವಚನ ಅವೇ. ಬಂದವರು ಯಾರು, ಯಾಕಾಗಿ ಬಂದರು ಎಂಬುದರ ಮೇಲೆ ಜೋಡಣೆ ಬದಲಾಯಿತು.

ಭೀಮಸಮುದ್ರದ ಅಡಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಚಿತ್ರದುರ್ಗದ ಮಾರುಕಟ್ಟೆ ಧಾರಣೆಯಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟು, ಅಪಿ ಎಂದು ನೀವು ದಿನವೂ ಕೇಳುತ್ತೀರಿ. ವರ್ತಕರಿಗೆ ಆ ಹೆಸರು ಕೇಳಿದರೆ ಸಾಕು, ಮಾಲು ಕಣ್ಣಿಗೆ ಕಟ್ಟುತ್ತದೆ. ನಮ್ಮ ರಾಜ್ಯದ ಮಾರುಕಟ್ಟೆ ಸಮಿತಿಗಳಿಗೆ ಆನ್‌ಲೈನ್ ಟೆಂಡರ್ ಬಂದಿದೆ. ಅಲ್ಲಿಯೂ ಲಾಟ್ ನಂಬರಿನ ಮುಂದೆ ಇಂಥ ಹೆಸರಿದ್ದರೆ ಕೆಲಸ ನಡೆಯುತ್ತದೆ, ಏಕೆಂದರೆ ಬೆಲೆ ಬರೆಯುವವರು ಅಂಗಳದಲ್ಲಿ ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿರುತ್ತಾರೆ. ಮಗಳ ಮದುವೆಗೆ ಅಡಿಕೆ ಹುಡುಕುತ್ತಿರುವ ಮೈಸೂರಿನ ಗೃಹಿಣಿಗೆ ಬೆಟ್ಟೆ ಯಾವುದು, ಅಪಿ ಯಾವುದು ಎಂದು ಎಲ್ಲಿ ತಿಳಿಯಬೇಕು? ಅವರಿಗೆ ಬೇಕಾದ್ದು ಪೂಜೆಗೆ ಇಡೀ ಅಡಿಕೆ, ತಾಂಬೂಲದ ಚೀಲಕ್ಕೆ ಇಷ್ಟು ಜನಕ್ಕೆ ಇಷ್ಟು ಎಂಬ ಲೆಕ್ಕ. ಮನೆಗಳಿಗೆ ಮಾರುವವರು ತಾಣದ ವಿಭಾಗಗಳನ್ನು ‘ಪೂಜೆಗೆ’, ‘ಮದುವೆಗೆ’ ಎಂದು ಮಾಡಬೇಕು. ಒಳಗೆ ಹೋದ ಮೇಲೆ ಇದನ್ನು ಪೇಟೆಯಲ್ಲಿ ಇಂಥ ಹೆಸರಿನಿಂದ ಕರೆಯುತ್ತಾರೆ ಎಂದು ತಿಳಿಸಿದರೆ ಆಯಿತು.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಭೌಗೋಳಿಕ ಸೂಚಿ ಮಾನ್ಯತೆ ಪಡೆದದ್ದು. ಆ ಊರಿನ ಹೆಸರೇ ಅದರ ಆಸ್ತಿ. ನೇಕಾರರ ಮನಸ್ಸಿನಲ್ಲಿ ಸೀರೆಗಳು ಮಗ್ಗದ ಪ್ರಕಾರ, ಅಂಚಿನ ಪ್ರಕಾರ, ಬುಟ್ಟಾದ ಪ್ರಕಾರ ಇರುತ್ತವೆ. ಕೊಳ್ಳುವವರು ಬರುವುದು ಬೇರೆ ಮೂರು ದಾರಿಯಿಂದ: ಎಷ್ಟು ದುಡ್ಡಿನೊಳಗೆ, ಯಾವ ಬಣ್ಣ, ಯಾವ ಸಮಾರಂಭಕ್ಕೆ. ಒಂದೇ ಸೀರೆ ಈ ಮೂರು ದಾರಿಯಲ್ಲೂ ಸಿಗುವಂತಿರಬೇಕು. ಅಂಗಡಿಯಲ್ಲಿ ಒಂದು ಸೀರೆಯನ್ನು ಒಂದೇ ಕಪಾಟಿನಲ್ಲಿ ಇಡಲು ಸಾಧ್ಯ, ಜಾಲತಾಣದಲ್ಲಿ ಮೂರು ಕಡೆ ಕಾಣಿಸಬಹುದು. ಬಣ್ಣ ಹೇಳುವಾಗ ನಂಬರು ಕೊಟ್ಟು ಸುಮ್ಮನಾಗಬೇಡಿ. ಬದನೆಕಾಯಿ ಬಣ್ಣ, ಗಿಳಿಹಸಿರು, ಮಾವಿನ ಚಿಗುರು, ಈರುಳ್ಳಿ ಸಿಪ್ಪೆ ಬಣ್ಣ ಎಂದು ಹೆಣ್ಣುಮಕ್ಕಳು ಹೇಳುವ ಹೆಸರೇ ಬರೆಯಿರಿ. ಪರದೆಯ ಮೇಲೆ ಬಣ್ಣ ತುಸು ಆಚೀಚೆ ಕಾಣುತ್ತದೆ, ಆ ಹೆಸರು ಓದಿದವರಿಗೆ ಮೋಸವಾಗುವುದಿಲ್ಲ. ಉದ್ದ ಎಷ್ಟು ಮೀಟರು, ರವಿಕೆ ಬಟ್ಟೆ ಸೇರಿ ಅಥವಾ ಬಿಟ್ಟು, ತೂಕವೆಷ್ಟು, ಜರಿ ಯಾವುದು, ಸಿಲ್ಕ್ ಮಾರ್ಕ್ ಇದೆಯೋ ಇಲ್ಲವೋ, ಕೈಮಗ್ಗವೋ ವಿದ್ಯುತ್ ಮಗ್ಗವೋ. ಇಷ್ಟನ್ನೂ ಪ್ರತಿ ಸೀರೆಗೂ ಒಂದೇ ಕ್ರಮದಲ್ಲಿ ಬರೆಯಬೇಕು. ಎರಡು ಸೀರೆ ಪಕ್ಕಪಕ್ಕ ಇಟ್ಟು ನೋಡುವವರಿಗೆ ಆ ಕ್ರಮದಿಂದಲೇ ಅನುಕೂಲ.

ಪುಸ್ತಕ ಜೋಡಿಸುವವರೂ ಇದನ್ನೇ ಯೋಚಿಸಿದ್ದಾರೆ. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ 1962ರಲ್ಲಿ ಅಲ್ಲೇ ದಾಖಲೆ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದವರು. ಓದುಗನ ಸಮಯವನ್ನು ಉಳಿಸಬೇಕು ಎಂಬುದು ಅವರ ನಾಲ್ಕನೆಯ ಸೂತ್ರ. ಓದುಗ ಎಂಬ ಕಡೆ ಗಿರಾಕಿ ಎಂದು ಇಟ್ಟುಕೊಂಡರೆ ಸಾಕು. ಮೊಬೈಲಿನ ಸಣ್ಣ ಪರದೆಯಲ್ಲಿ ಹದಿನಾಲ್ಕು ವಿಭಾಗಗಳ ಪಟ್ಟಿ ಇಟ್ಟರೆ ಯಾರೂ ಕೆಳಗಿನವರೆಗೆ ನೋಡುವುದಿಲ್ಲ. ನಾಲ್ಕೈದು ಇರಲಿ. ಅವುಗಳಲ್ಲಿ ಒಂದು ತಲುಪಿಸುವ ವಿಧಾನ ಮತ್ತು ವಾಪಸಾತಿಯ ವಿವರ, ಇನ್ನೊಂದು ನಿಮ್ಮನ್ನು ಕಾಣುವ ವಿಳಾಸ. ಮಿಕ್ಕವು ಸರಕಿಗೆ.

ರೇಡಿಯೋದಲ್ಲಿ ನನ್ನ ಮಾತನ್ನು ನೀವು ಮೊದಲಿನಿಂದ ಕೇಳುತ್ತ ಬಂದಿದ್ದೀರಿ, ಹಾಗಾಗಿ ಹಿಂದೆ ಹೇಳಿದ್ದನ್ನು ನಂಬಿಕೊಂಡು ಮುಂದಿನದನ್ನು ಹೇಳಬಹುದು. ಜಾಲತಾಣದಲ್ಲಿ ಹಾಗಿಲ್ಲ. ಹುಡುಕುತಾಣದಿಂದ ಬರುವವರು ನಿಮ್ಮ ಮೊದಲ ಪುಟಕ್ಕೇ ಬರುತ್ತಾರೆ ಎಂಬ ಖಾತರಿಯಿಲ್ಲ. ಚಟ್ನಿಪುಡಿ ಹುಡುಕಿದವರು ನೇರವಾಗಿ ಚಟ್ನಿಪುಡಿಯ ಪುಟಕ್ಕೇ ಇಳಿಯುತ್ತಾರೆ. ಅಲ್ಲಿ ನೀವು ಯಾರು, ಯಾವ ಊರು, ಬೆಲೆ ಎಷ್ಟು, ಹೇಗೆ ಕೊಳ್ಳುವುದು ಎಂಬುದಿಲ್ಲದಿದ್ದರೆ ಅವರು ಹಿಂದೆ ಮುಂದೆ ತಡಕಾಡುವುದಿಲ್ಲ, ಹೊರಟುಹೋಗುತ್ತಾರೆ. ಪ್ರತಿ ಪುಟವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಹುಡುಕುವವರು ಯಾವ ಹೆಸರಿನಿಂದ ಹುಡುಕುತ್ತಾರೆ ಎಂಬುದೂ ಇದರ ಜೊತೆಗೇ ಬರುವ ಪ್ರಶ್ನೆ. ನಮ್ಮ ಕಡೆ ಶೇಂಗಾ. ಬೆಂಗಳೂರಿನವರಿಗೆ ಕಡಲೆಕಾಯಿ. ಹೊಸದುರ್ಗದ ಸಾವೆಯನ್ನು ಸಾಮೆ ಎನ್ನುವವರಿದ್ದಾರೆ, ‘ಲಿಟಲ್ ಮಿಲೆಟ್’ ಎಂದೇ ತಿಳಿದ ಪಟ್ಟಣದ ಹುಡುಗರಿದ್ದಾರೆ. ಮೊಳಕಾಲ್ಮೂರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ. ಈ ಎಲ್ಲ ಹೆಸರೂ ಪುಟದಲ್ಲಿ ಒಂದೊಂದು ಸಲ ಸಹಜವಾಗಿ ಬರಲಿ. ಹುಡುಕುತಾಣಕ್ಕೆ ಸಿಗಲಿ ಎಂದು ಅದೇ ಪದವನ್ನು ಸಾಲಿಗೆ ನಾಲ್ಕು ಸಲ ತುರುಕುವುದು ಬೇಡ, ಓದುವವರಿಗೆ ಅದು ಹಿಂಸೆ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಯೂನಿಕೋಡ್ ಎಂಬ ಅಕ್ಷರ ಸಂಕೇತ ವ್ಯವಸ್ಥೆ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಬಹಳ ವರ್ಷ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಮಾದರಿಯ ಫಾಂಟುಗಳೇ ನಡೆದವು, ಈಗಲೂ ಕೆಲವು ಕಡೆ ನಡೆಯುತ್ತಿವೆ. ಆ ಫಾಂಟು ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹುಡುಕುತಾಣಕ್ಕೂ ಅದು ಕನ್ನಡ ಎಂದು ತಿಳಿಯುವುದಿಲ್ಲ. ಡಿಟಿಪಿಯವರಿಗೆ ‘ಯೂನಿಕೋಡಿನಲ್ಲಿ ಮಾಡಿಕೊಡಿ’ ಎಂದು ಒಂದು ಮಾತು ಹೇಳಿ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹೊಸ ಆವೃತ್ತಿಗಳೆರಡರಲ್ಲೂ ಆ ಸೌಲಭ್ಯವಿದೆ. ಮೊಬೈಲಿನಲ್ಲಿ ಟೈಪು ಮಾಡಿದರೆ ಈ ತೊಂದರೆಯೇ ಇಲ್ಲ, ಅದು ಯೂನಿಕೋಡೇ.

ಇದಕ್ಕಿಂತ ದೊಡ್ಡ ತೊಂದರೆ ಫ್ಲೆಕ್ಸಿನ ಅಭ್ಯಾಸದಿಂದ ಬಂದಿದೆ. ಊರಿನ ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸಿನ ಹಾಗೆ, ಹೆಸರು, ಬೆಲೆ, ಫೋನ್ ನಂಬರು ಎಲ್ಲವನ್ನೂ ಒಂದು ಬಣ್ಣದ ಚಿತ್ರದೊಳಗೆ ಸೇರಿಸಿ ಆ ಚಿತ್ರವನ್ನೇ ತಾಣಕ್ಕೆ ಅಂಟಿಸುತ್ತಾರೆ. ನೋಡಲು ಅಂದ. ಆದರೆ ಚಿತ್ರದೊಳಗಿನ ಅಕ್ಷರ ಹುಡುಕುತಾಣಕ್ಕೆ ಸರಿಯಾಗಿ ಸಿಗುವ ಭರವಸೆಯಿಲ್ಲ. ಬೆಲೆ ಬದಲಾದರೆ ಇಡೀ ಚಿತ್ರ ಮತ್ತೆ ಮಾಡಿಸಬೇಕು. ಕಣ್ಣು ಕಾಣದವರು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ, ಆ ತಂತ್ರಾಂಶಗಳು ಕನ್ನಡವನ್ನೂ ಓದುತ್ತವೆ. ನಿಮ್ಮ ಬೆಲೆ ಚಿತ್ರದೊಳಗೆ ಕೂತಿದ್ದರೆ ಅವರಿಗೆ ನಿಮ್ಮ ಅಂಗಡಿಯೇ ಇಲ್ಲ. ಅಕ್ಷರವನ್ನು ಅಕ್ಷರವಾಗಿಯೇ ಹಾಕಿ. ಫೋಟೊ ಹಾಕುವಾಗ ಅದರ ಜೊತೆಗೆ ಒಂದು ಸಾಲಿನ ವಿವರಣೆ ಸೇರಿಸುವ ಜಾಗ ಇರುತ್ತದೆ. ಅಲ್ಲಿ ‘ಚಿತ್ರ ಒಂದು’ ಎನ್ನುವ ಬದಲು ‘ಕೆಂಪು ಅಂಚಿನ ಗಿಳಿಹಸಿರು ಮೊಳಕಾಲ್ಮೂರು ಸೀರೆ, ಸೆರಗಿನ ಭಾಗ’ ಎಂದು ಬರೆಯಿರಿ. ಫೋಟೊವನ್ನು ಬೆಳಗಿನ ಹೊತ್ತು ಪಡಸಾಲೆಯ ಬೆಳಕಿನಲ್ಲಿ ತೆಗೆದರೆ ಸಾಕು. ಪೊಟ್ಟಣದ ಹಿಂಬದಿಯದೂ ಒಂದು ಇರಲಿ. ಹಳ್ಳಿಗಳಲ್ಲಿ ನೆಟ್‌ವರ್ಕ್ ನಿಧಾನ, ಆದ್ದರಿಂದ ಫೋಟೊಗಳ ಗಾತ್ರ ಇಳಿಸಿ ಹಾಕಬೇಕು.

ಇನ್ನು ಕಾನೂನು. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಎಂದು ತಿಳಿದವರು ಬಹಳ. ಪೊಟ್ಟಣದ ಸರಕನ್ನು ಆನ್‌ಲೈನಿನಲ್ಲಿ ಮಾರುವಾಗ ತಯಾರಿಸಿದವರ ಹೆಸರು ವಿಳಾಸ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಯಾರನ್ನು ಕಾಣಬೇಕು ಎಂಬ ವಿವರ ಪರದೆಯ ಮೇಲೂ ಕಾಣಬೇಕೆಂದು ಕಾನೂನು ಮಾಪನಶಾಸ್ತ್ರದ ನಿಯಮ 2018ರ ಜನವರಿಯಿಂದ ಹೇಳುತ್ತಿದೆ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ನಂಬರು ಬೇಕು. ಪೊಟ್ಟಣ ಗಿರಾಕಿಯ ಕೈ ಸೇರುವಾಗ ಅದರ ಬಾಳಿಕೆಯ ಅವಧಿಯಲ್ಲಿ ಶೇಕಡಾ 30ರಷ್ಟು, ಇಲ್ಲವೇ 45 ದಿನ ಉಳಿದಿರಬೇಕು ಎಂಬುದು ಅದೇ ಪ್ರಾಧಿಕಾರದ ಸೂಚನೆ. ಒಂದೇ ತಿಂಗಳು ಬಾಳುವ ಚಟ್ನಿಪುಡಿಯನ್ನು ಕುಟ್ಟಿ ಮೂರು ವಾರ ಇಟ್ಟುಕೊಂಡು ಕಳಿಸುವ ಹಾಗಿಲ್ಲ ಎಂದರ್ಥ. 2020ರ ಗ್ರಾಹಕ ರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ಬಂದರೆ 48 ಗಂಟೆಯೊಳಗೆ ತಲುಪಿತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರುವವರೇ ಗಿರಾಕಿಯ ವೇಷ ಹಾಕಿ ತಮ್ಮ ಸರಕನ್ನು ತಾವೇ ಹೊಗಳಿಕೊಂಡು ಬರೆಯುವುದನ್ನೂ ಆ ನಿಯಮಗಳು ನಿಷೇಧಿಸಿವೆ. ಗ್ರಾಹಕರಿಗೆ 1915 ಎಂಬ ಸಹಾಯವಾಣಿ ಇದೆ. ಆ ನಂಬರನ್ನು ನೀವೇ ನಿಮ್ಮ ತಾಣದಲ್ಲಿ ಬರೆದಿಟ್ಟರೆ, ಹೊಸಬರಿಗೆ ನಿಮ್ಮ ಮೇಲೆ ವಿಶ್ವಾಸ ಬರುತ್ತದೆ.

ಸಿರಿಧಾನ್ಯ ಮಾರುವವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕಾಗಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಬೇಡಿಕೆ ಏರಿದೆ, ಒಳ್ಳೆಯದು. ಅದರ ಬೆನ್ನಿಗೇ ಸಾವೆ ತಿಂದರೆ ಸಕ್ಕರೆ ಕಾಯಿಲೆ ವಾಸಿ, ನವಣೆ ತಿಂದರೆ ಕ್ಯಾನ್ಸರ್ ಮಾಯ ಎಂಬ ಬರಹಗಳೂ ತಾಣಗಳಲ್ಲಿ ತುಂಬಿಕೊಂಡವು. ಆಹಾರವು ರೋಗ ವಾಸಿಮಾಡುತ್ತದೆ ಎಂದು ಸಾರುವುದನ್ನು 2018ರ ಆಹಾರ ಜಾಹೀರಾತು ನಿಯಮಾವಳಿ ಒಪ್ಪುವುದಿಲ್ಲ. ದಂಡದ ಭಯ ಒಂದು ಕಡೆ ಇರಲಿ. ಆ ಸಾಲನ್ನು ನಂಬಿ ಯಾರದೋ ಮನೆಯ ಹಿರಿಯರು ಮಾತ್ರೆ ನಿಲ್ಲಿಸಿದರೆ ಆ ಪಾಪ ಬರೆದವರದು. ಸಾವೆಯ ಬಗ್ಗೆ ಬರೆಯಲು ನಿಜವಾದ ವಿಷಯ ಬೇಕಾದಷ್ಟಿದೆ. ಹೊಸದುರ್ಗದ ಯಾವ ಭಾಗದ ಹೊಲ, ಯಾವಾಗ ಬಿತ್ತಿದ್ದು, ಎಷ್ಟು ಪಾಲಿಶ್ ಮಾಡಿದ್ದು, ಒಂದು ಲೋಟಕ್ಕೆ ಎಷ್ಟು ನೀರು, ಎಷ್ಟು ಹೊತ್ತು ನೆನೆಹಾಕಬೇಕು, ಉಪ್ಪಿಟ್ಟಿಗೆ ಹೇಗೆ, ಬಿಸಿಬೇಳೆಬಾತಿಗೆ ಹೇಗೆ. ಸಾವೆ ತಂದು ಮುದ್ದೆಯಾಯಿತೆಂದು ಮೂಲೆಗಿಟ್ಟವರು ಪಟ್ಟಣಗಳಲ್ಲಿ ಬಹಳ ಮಂದಿ ಇದ್ದಾರೆ. ನೀರಿನ ಅಳತೆ ಬರೆದುಕೊಟ್ಟರೆ ಅವರು ಮತ್ತೆ ಕೊಳ್ಳುತ್ತಾರೆ. ಈ ಅಳತೆ ನಮ್ಮ ಅಜ್ಜಿಯರಿಗೆ ಕೈಯಳತೆಯಲ್ಲಿ ಗೊತ್ತು, ಕಾಗದದ ಮೇಲೆ ಎಲ್ಲೂ ಇಲ್ಲ. ನನಗೆ ಬಹಳ ಸಂಕಟವಾಗುವುದು ಇಲ್ಲಿಯೇ. ನಮ್ಮ ಹೊಲದಲ್ಲಿ ಬೆಳೆದದ್ದು ಚೀಲದಲ್ಲಿ ಊರು ಬಿಡುತ್ತದೆ. ಎಲ್ಲೋ ಒಂದು ಕಡೆ ಚಂದದ ಪೊಟ್ಟಣ ಸೇರಿ, ಬೆಳೆದ ಊರಿನ ಹೆಸರಿಲ್ಲದೆ, ನಾಲ್ಕು ಪಟ್ಟು ಬೆಲೆಗೆ ಮಾರಾಟವಾಗುತ್ತದೆ. ಆ ಪೊಟ್ಟಣದವರು ಮಾಡಿದ್ದು ಇಷ್ಟೇ, ಕೊಳ್ಳುವವರಿಗೆ ಬೇಕಾದ ವಿವರವನ್ನು ಬರೆದು ಅಂಟಿಸಿದರು. ಆ ವಿವರ ಅವರಿಗಿಂತ ನಮಗೆ ಚೆನ್ನಾಗಿ ಗೊತ್ತು.

ಯಾರು ಬರೆಯಬೇಕು? ಸಂಘದ ಸದಸ್ಯರ ಮನೆಗಳಲ್ಲಿ ಡಿಗ್ರಿ ಓದುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಒಬ್ಬಳು ನೋಟ್‌ಬುಕ್ಕು ಹಿಡಿದು ಅಜ್ಜಿಯ ಪಕ್ಕದಲ್ಲಿ ಕೂರಲಿ. ಅಜ್ಜಿ ಹೇಳಿದ ಹಾಗೆ ಬರೆದು, ಒಂದು ಸಲ ಗಟ್ಟಿಯಾಗಿ ಓದಿ ಹೇಳಲಿ. ‘ಹಂಗಲ್ಲ ಕಣೆ’ ಎಂದು ಅಜ್ಜಿ ತಿದ್ದಿದ ಕಡೆ ತಿದ್ದಲಿ. ಈ ಕೆಲಸಕ್ಕೆ ಆ ಹುಡುಗಿಗೆ ಸಂಘದವರು ಸಂಭಾವನೆ ಕೊಡಬೇಕು. ಬರೆಯುವುದು ಪುಡಿ ಕುಟ್ಟಿದಷ್ಟೇ ದುಡಿಮೆ. ತಾಣದ ವಿಳಾಸವನ್ನು, ಅಂದರೆ ಡೊಮೈನ್ ಹೆಸರನ್ನು, ಸಂಘದ ಹೆಸರಿನಲ್ಲೇ ನೋಂದಾಯಿಸಿ. ಪಾಸ್‌ವರ್ಡನ್ನು ಲೆಕ್ಕದ ಪುಸ್ತಕದ ಜೊತೆ ಬೀರುವಿನಲ್ಲಿಡಿ. ತಾಣ ಮಾಡಿದವರ ಹೆಸರಿನಲ್ಲಿ ನೋಂದಣಿಯಾಗಿ, ಅವರು ಊರು ಬಿಟ್ಟಾಗ ಅಂಗಡಿಯೇ ಕೈತಪ್ಪಿದ ಪ್ರಸಂಗಗಳಿವೆ. ಕನ್ನಡ ಅಕ್ಷರಗಳಲ್ಲೇ ವಿಳಾಸ ಬೇಕೆಂದರೆ ‘ಡಾಟ್ ಭಾರತ’ ಎಂದು ಕನ್ನಡದಲ್ಲಿ ಕೊನೆಗೊಳ್ಳುವ ವಿಳಾಸವೂ ಸಿಗುತ್ತದೆ.

ಕೊನೆಯದಾಗಿ, ಬರೆದದ್ದನ್ನು ಕಾಯ್ದುಕೊಳ್ಳುವ ವಿಚಾರ. ತಿಂಗಳಿಗೊಮ್ಮೆ ಸಂಘದ ಸಭೆ ನಡೆಯುತ್ತದಲ್ಲ, ಆ ದಿನ ಒಬ್ಬರು ಮೊಬೈಲಿನಲ್ಲಿ ಪ್ರತಿ ಪುಟ ತೆರೆದು ಓದಬೇಕು. ಬೆಲೆ ಸರಿಯೇ? ಫೋನು ಎತ್ತುವವರ ನಂಬರು ಅದೇ ಇದೆಯೇ? ಕಳೆದ ಯುಗಾದಿಯ ರಿಯಾಯಿತಿ ಇನ್ನೂ ನೇತಾಡುತ್ತಿದೆಯೇ? ಸರಕು ಮುಗಿದರೆ ಪುಟವನ್ನು ಅಳಿಸಿಬಿಡಬೇಡಿ. ಹಿಂದೆ ಕೊಂಡವರು ಆ ಪುಟದ ಕೊಂಡಿಯನ್ನು ನೆಂಟರಿಷ್ಟರಿಗೆ ಕಳಿಸಿರುತ್ತಾರೆ, ಅವರು ಒತ್ತಿದಾಗ ಏನೂ ಇಲ್ಲದ ಬಿಳಿ ಪರದೆ ಬರಬಾರದು. ‘ಈ ವರ್ಷದ ಸಾವೆ ಮುಗಿದಿದೆ. ಹೊಸ ಬೆಳೆ ಕೊಯ್ಲಾಗಿ, ಒಣಗಿಸಿ, ಅಕ್ಕಿ ಮಾಡಿಸಿದ ಮೇಲೆ ತಿಳಿಸುತ್ತೇವೆ, ನಿಮ್ಮ ನಂಬರು ಬರೆದಿಡಿ’ ಎಂದು ಎರಡು ಸಾಲು ಹಾಕಿ. ಹಾಗೆ ಬಂದ ನಂಬರುಗಳನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡು, ಸುಗ್ಗಿಯಾದ ಮೇಲೆ ಒಬ್ಬೊಬ್ಬರಿಗೂ ತಿಳಿಸಿ.